ಸೀತಮ್ಮನ ಉಗುಳುಬಂಡಿ

ಬನಶಂಕರಮ್ಮನಾಣೆ, ಇದು ನಡೆದದ್ದೇ. ಆ ತಾಯಿಯ ಗುಡಿಯ ಮುಂದೆ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚಿ, ಅದನ್ನು ಮುಟ್ಟಿ ಹೇಳು ಎಂದರೂ ಹೇಳುತ್ತೇನೆ. ಇದರಲ್ಲಿ ಎಳ್ಳು ಕಾಳಿನಷ್ಟು ಸುಳ್ಳಿದ್ದರೆ ನಾಳೆಯಿಂದ ನಾನು ಕುಡಿಯುವ ಕಾಫಿಯೆಲ್ಲ ಕಷಾಯವಾಗಲಿ. ಮುಂದೆ ಮೆಟ್ರೋ ಕಿಟಕಿಯ ಮಾತು ಬಂದಾಗ ನಿಮಗೆ ಅನುಮಾನ ಬರುತ್ತದೆ. ಆಗ ಈ ಆಣೆಯನ್ನು ನೆನೆಸಿಕೊಳ್ಳಿ, ಸಾಕು.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಸೀತಮ್ಮ ಎಂದರೆ ಗೊಂಬೆ, ಗೊಂಬೆ ಎಂದರೆ ಸೀತಮ್ಮ. ನವರಾತ್ರಿ ಬಂತೆಂದರೆ ಅವಳ ಮನೆಯ ಹಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳು ಕೂರುತ್ತವೆ. ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಪಕ್ಕದಲ್ಲಿ ಶಿವ ಪಾರ್ವತಿ ಕೂತ ಕೈಲಾಸ, ಎಲ್ಲವೂ. ಆದರೆ ಜನ ಬರುವುದು ರಾಜ ರಾಣಿಯನ್ನು ನೋಡಲು ಅಲ್ಲ, ರೈಲನ್ನು ನೋಡಲು. ರೈಲೆಂದರೆ ಕೀಲಿ ಕೊಟ್ಟರೆ ಗೋಡೆಗೆ ಡಿಕ್ಕಿ ಹೊಡೆದು ಮಗುಚಿಕೊಳ್ಳುವ ಆಟಿಕೆಯಲ್ಲ. ಕರೆಂಟಿನಲ್ಲಿ ಓಡುವ, ಹಳಿಯೂ ಸಿಗ್ನಲ್ಲೂ ಸುರಂಗವೂ ಇರುವ ರೈಲು. ಎಷ್ಟು ಉದ್ದವೆಂದರೆ, ಇಂಜಿನ್ನು ಕೈಲಾಸ ಪರ್ವತ ಹತ್ತಿ ಇಳಿದು, ಅಡುಗೆಮನೆಗೆ ಹೋಗಿ ಒಗ್ಗರಣೆಯ ವಾಸನೆ ಕುಡಿದು ವಾಪಸ್ಸು ಬರುವ ಹೊತ್ತಿಗೂ, ಕೊನೆಯ ಡಬ್ಬಿ ಹಾಲಿನಲ್ಲೇ ನಿಂತು ಹೊರಡಲೋ ಬೇಡವೋ ಎಂದು ಯೋಚಿಸುತ್ತಿರುತ್ತಿತ್ತು.

ಇದನ್ನೆಲ್ಲ ಸೀತಮ್ಮ ಒಬ್ಬಳೇ ಮಾಡಿದ್ದು. ಗಂಡ ಶಾಮಣ್ಣ ರಿಟೈರಾದ ಮೇಲೆ ಪೇಪರಿನ ಪದಬಂಧದೊಳಗೆ ಇಳಿದವನು ಇನ್ನೂ ಮೇಲೆ ಬಂದಿರಲಿಲ್ಲ. ಹೊಸ ಡಬ್ಬಿಗೆ ಬಣ್ಣ ಬಳಿದು ತಂದು ತೋರಿಸಿದರೆ ಪೇಪರಿನ ಆ ಕಡೆಯಿಂದಲೇ "ಚೆನ್ನಾಗಿದೆ" ಎನ್ನುತ್ತಿದ್ದ. ಒಮ್ಮೆ ಪರೀಕ್ಷೆ ಮಾಡೋಣವೆಂದು ಸೀತಮ್ಮ ರೈಲಿನ ಬದಲು ಸಾರಿನ ಸೌಟನ್ನು ಹಿಡಿದಳು. "ಚೆನ್ನಾಗಿದೆ, ಹೋದ ವರ್ಷದ್ದಕ್ಕಿಂತ ಉದ್ದ ಬಂದಿದೆ" ಎಂದ ಪುಣ್ಯಾತ್ಮ.

ಸೀತಮ್ಮನಿಗೆ ಇದ್ದ ಒಂದೇ ತೊಂದರೆ ಕೈಲಾಸದ ಹಿಮ. ಮೊದಲು ಹತ್ತಿ ಹಾಕಿದಳು. ಹತ್ತಿ ಗಾಲಿಗೆ ಸುತ್ತಿಕೊಂಡಿತು, ಶಿವ ಪಾರ್ವತಿಯರು ಆಸ್ಪತ್ರೆಯಲ್ಲಿ ದಾಖಲಾದವರಂತೆ ಕಂಡರು. ರವೆ ಹಾಕಿದಳು. ಇರುವೆಗಳು ಹಳಿ ಹಿಡಿದು ಸಾಲಾಗಿ ಹೊರಟು, ರೈಲಿಗಿಂತ ಸರಿಯಾದ ಟೈಮಿಗೆ ಊರು ಸೇರತೊಡಗಿದವು. ಉಪ್ಪು ಹಾಕಿದಳು, ಹಳಿ ತುಕ್ಕು ಹಿಡಿಯಿತು. ಕೊನೆಗೆ ಹೊಳೆದದ್ದು ಪುರಿ. ಆಯುಧಪೂಜೆಗೆ ಹಂಚುತ್ತಾರಲ್ಲ, ಅದೇ ಕಡ್ಲೆಪುರಿಯ ಪುರಿ. ಅದನ್ನು ಕೈಯಲ್ಲೇ ಮೆಲ್ಲಗೆ ಮುರಿದು, ಕಾಗೆಬಂಗಾರದ ಪುಡಿಯಲ್ಲಿ ಹೊರಳಿಸಿ, ಇರುವೆ ಬರದಿರಲೆಂದು ಚಿಟಿಕೆ ಪಚ್ಚಕರ್ಪೂರ ತಿಕ್ಕಿದಾಗ, ಆಹಾ, ಹಿಮಾಲಯವೇ ಬಂದು ಒಂದು ಚಿಟಿಕೆ ಸಾಲ ಕೇಳಬೇಕು, ಅಂಥ ಹಿಮ!

ಆದರೆ ಆ ಹಿಮ ಬೆಟ್ಟದಿಂದ ಜಾರಿ ಹಳಿಯ ಮೇಲೆ ಬಿದ್ದು ರೈಲು ನಿಲ್ಲುತ್ತಿತ್ತು. ನೆಂಟರ ಮುಂದೆ ಸೀತಮ್ಮ ಹಳೆಯ ಟೂತ್‌ಬ್ರಷ್ಷು ಹಿಡಿದು ಕೈಲಾಸವನ್ನು ಉಜ್ಜಬೇಕಾಗುತ್ತಿತ್ತು.

ಒಂದು ದಿನ ಫೋನಿನಲ್ಲಿ ಯಾವುದೋ ಚಳಿದೇಶದ ವಿಡಿಯೋ ಬಂತು. ರೈಲಿನ ಮುಂದೆ ಒಂದು ಬಂಡಿ. ಅದರ ಮೂತಿಯಲ್ಲಿ ದುಂಡನೆಯ ಬಾಯಿ, ಬಾಯೊಳಗೆ ಗರಗರನೆ ತಿರುಗುವ ರೆಕ್ಕೆ. ಆಳೆತ್ತರದ ಹಿಮವನ್ನು ಅದು ಮುಂದಿನಿಂದ ನುಂಗುತ್ತದೆ, ಪಕ್ಕಕ್ಕೆ ಕಾರಂಜಿಯಂತೆ ಉಗುಳುತ್ತದೆ. ಅದರದೇ ಪುಟ್ಟ ಮಾದರಿಯನ್ನು, ಮೋಟಾರು ಸಮೇತ, ಅಲ್ಲಿನ ಅಜ್ಜಂದಿರು ಮನೆಯಲ್ಲಿ ಮೇಜಿನ ಮೇಲೆ ಓಡಿಸುತ್ತಿದ್ದರು. ಸೀತಮ್ಮ ಹಾಲು ಉಕ್ಕಿದ್ದನ್ನೂ ಗಮನಿಸದೆ ಆ ವಿಡಿಯೋವನ್ನು ನೋಡಿದಳು. ಮಾರನೇ ದಿನ ಫೋರ್ತ್ ಬ್ಲಾಕಿನ ಆಟಿಕೆ ಅಂಗಡಿಗೆ ಹೋದಳು.

"ಹಿಮ ಗುಡಿಸೋ ಇಂಜಿನ್ ಇದೆಯೇನಪ್ಪಾ?"

"ಏನ್ ಗುಡ್ಸೋದು ಆಂಟಿ?"

"ಹಿಮ. ಹಳಿ ಮೇಲೆ ಬಿದ್ದಿರತ್ತಲ್ಲ, ಅದನ್ನ ಮೋಟಾರಲ್ಲಿ ಎತ್ತಿ ಪಕ್ಕಕ್ಕೆ ಎಸೆಯತ್ತೆ."

"ಆಂಟಿ, ನಮ್ಮ ಅಂಗಡಿ ಮುಂದೆ ಬಿದ್ದಿರೋ ಎಲೆ ಗುಡ್ಸೋಕೇ ನಂಗೆ ಪುರ್ಸೊತ್ತಿಲ್ಲ, ನೀವು ಹಿಮಕ್ಕೆ ಬಂದ್ಬಿಟ್ರಿ. ಹೆಲಿಕಾಪ್ಟರ್ ಇದೆ, ಕೊಡ್ಲಾ?"

"ಅದು ನಿನ್ನ ಹತ್ರಾನೇ ಇರ್ಲಿ. ಸಾಯಂಕಾಲ ಟ್ರಾಫಿಕ್ಕಲ್ಲಿ ಮನೆಗೆ ಹೋಗೋಕೆ ಬೇಕಾಗತ್ತೆ" ಎಂದು ಸೀತಮ್ಮ ಅಂಗಡಿಯ ಮೆಟ್ಟಿಲು ಇಳಿದು ಬಂದಳು.

ಅಲ್ಲಿಂದ ನೇರ ಹೋದದ್ದು ಸಾರಕ್ಕಿಗೆ. ಅಲ್ಲಿ ಅಂಜನಮ್ಮನ ಹಿಟ್ಟಿನ ಗಿರಣಿ. ಊರೆಲ್ಲ ಅದನ್ನು ಮಿಲ್ಲು ಎನ್ನುತ್ತದೆ. ಅಂಜನಮ್ಮನ ಮನೆಯವರು ಹಳೇ ಸಾರಕ್ಕಿ ಊರಿನವರು, ಹೊಲಗಳೆಲ್ಲ ಜೆ.ಪಿ. ನಗರವಾಗಿ ಹೋದ ಮೇಲೆ ಅತ್ತೆ ಹಾಕಿದ್ದ ಮಿಲ್ಲನ್ನು ಇವಳು ನಡೆಸಿಕೊಂಡು ಬಂದಿದ್ದಳು. ಸೀತಮ್ಮ ಗೋಧಿ ಬೀಸಿಸಲು ಅಲ್ಲಿಗೇ ಹೋಗುವುದು. ಗೋಧಿ ಒಂದು ನೆಪ. ಹಿಟ್ಟಿನ ಬಿಸಿ ಆರುವ ತನಕ ಆ ಇಬ್ಬರ ಮಾತು ಆರುತ್ತಿರಲಿಲ್ಲ.

"ಏನ್ ಸೀತಕ್ಕ, ಮಕ ಇಂಗೈತೆ? ಗೋದಿಲಿ ಉಳ ಬಿತ್ತಾ?" ಎಂದಳು ಅಂಜನಮ್ಮ. ಅವಳ ರೆಪ್ಪೆಯ ಮೇಲೆಲ್ಲ ಹಿಟ್ಟು.

ಸೀತಮ್ಮ ಫೋನು ಚಾಚಿದಳು. ಅಂಜನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಪೂರ್ತಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಇದೇನ್ ಮಹಾ! ನಮ್ ಮಿಲ್ಲು ತೌಡು ಉಗುಳೋದೂ ಇಂಗೇ. ಇದು ಉಗುಳುಬಂಡಿ ಕಣಕ್ಕಾ. ಮಾಡಾಣ ಬಿಡಿ."

ರೈಲಿನ ವಿಷಯದಲ್ಲಿ ಇಷ್ಟು ವರ್ಷ ಸೀತಮ್ಮನಿಗೆ ಮಾಡು ಎಂದವರಿದ್ದರು, ಯಾಕೆ ಮಾಡ್ತೀಯ ಎಂದವರಿದ್ದರು. ಮಾಡೋಣ ಎಂದವಳು ಇವಳೊಬ್ಬಳೇ.

ಆಮೇಲೆ ಶ್ರಾವಣ ಕಳೆಯಿತು, ಗಣೇಶನ ಹಬ್ಬ ಕಳೆಯಿತು, ಇಬ್ಬರೂ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಬಗ್ಗಿದವರು ಬಗ್ಗಿದಂತೆಯೇ. ಬಂಡಿಯ ಬಾಯಿಗೆ ಸೀತಮ್ಮ ತನ್ನ ತಾಯಿ ಕೊಟ್ಟಿದ್ದ ಚಕ್ಕುಲಿ ಒರಳಿನ ಹಿತ್ತಾಳೆ ಕೊಳವೆಯನ್ನೇ ತಂದಳು. ತುಪ್ಪದ ಡಬ್ಬಿಯ ಮುಚ್ಚಳ ಕತ್ತರಿಸಿ ರೆಕ್ಕೆ ಮಾಡಿದಳು. ಮೋಟಾರು ಬಂದದ್ದು ಮಹಡಿ ಮನೆಯ ಬಾಡಿಗೆಯವಳು ಹಂಸಾ ಎಸೆಯಲು ಇಟ್ಟಿದ್ದ ಹೇರ್ ಡ್ರೈಯರಿನಿಂದ. ಕಾಯಿಲ್ ಸುಟ್ಟಿತ್ತು, ಮೋಟಾರಿಗೆ ಜೀವವಿತ್ತು. ಅದನ್ನು ಬಿಚ್ಚಿ, ವೈರು ಎಳೆದು, ಸೀತಮ್ಮ ತಂದ ಹಳೆಯ ಇಂಜಿನ್ನಿನ ಮುಂದೆ ಕೂರಿಸಿದ್ದು ಅಂಜನಮ್ಮ.

ರೆಕ್ಕೆ ತಿರುಗುತ್ತದೋ ಇಲ್ಲವೋ ನೋಡೋಣವೆಂದು ಬಂಡಿಯನ್ನು ಕಟ್ಟೆಯ ಮೇಲೆ ಭದ್ರವಾಗಿ ಕಟ್ಟಿ, ಬಾಯಿಗೆ ಒಂದು ಹಿಡಿ ಪುರಿ ಸುರಿದು ಕರೆಂಟು ಕೊಟ್ಟರು. ಪುರಿ ಮಿಲ್ಲಿನ ಬಾಗಿಲು ದಾಟಿತು, ರಸ್ತೆ ದಾಟಿತು, ಆಟೋ ಸ್ಟ್ಯಾಂಡಿನಲ್ಲಿ ಆಕಳಿಸುತ್ತಿದ್ದ ಡ್ರೈವರ್ ಕೊಟ್ರಪ್ಪನ ಬಾಯೊಳಗೆ ಒಂದು ಕಾಳೂ ಕೆಳಗೆ ಬೀಳದಂತೆ ಹೋಗಿ ಕೂತಿತು. ಅವನು ಅಗಿದು ನುಂಗಿ, "ಅಕ್ಕಾ, ಸ್ವಲ್ಪ ಖಾರ ಹಾಕಿದ್ರೆ ಚಲೋ ಇರ್ತಿತ್ರೀ" ಎಂದು ಕೂಗಿದ.

ಇಬ್ಬರೂ ನಕ್ಕು ನಕ್ಕು ಗೋಡೆ ಹಿಡಿದರು. ಆ ನಗುವಿನಲ್ಲೇ ಮಾತಾಯಿತು. ಹಳಿಯ ಮೇಲೆ, ಹಿಮದಲ್ಲಿ, ಜನರ ಮುಂದೆ ಬಂಡಿ ಮೊದಲ ಸಲ ಓಡುವುದು ಆಯುಧಪೂಜೆಯ ಸಾಯಂಕಾಲ, ಸೀತಮ್ಮನ ಗೊಂಬೆಯ ಮುಂದೆ. ಆಗ ಸ್ವಿಚ್ಚಿನ ಮೇಲೆ ಎರಡು ಕೈ ಇರಬೇಕು. ಒಂದು ಸೀತಮ್ಮನದು, ಒಂದು ಅಂಜನಮ್ಮನದು.

"ನೀವು ನಾನ್ ಬರಗಂಟ ಮುಟ್ಬಾರ್ದು" ಎಂದಳು ಅಂಜನಮ್ಮ.

"ನೀನೂ ಅಷ್ಟೇ ಕಣೇ."

ಮೋಟಾರು ಸ್ವಲ್ಪ ಬಿಸಿಯಾಗುತ್ತಿತ್ತು, ಸರಿಮಾಡಿ ತರುತ್ತೇನೆಂದು ಅಂಜನಮ್ಮ ಬಂಡಿಯನ್ನು ಮಿಲ್ಲಿನಲ್ಲೇ ಉಳಿಸಿಕೊಂಡಳು. ಪರೀಕ್ಷೆಗೆ ಬೇಕಾಗುತ್ತದೆಂದು ಸೀತಮ್ಮ ಹಳೆಯ ಹಳಿಗಳನ್ನೂ ಒಂದು ಮೂಟೆ ಹಿಮವನ್ನೂ ಅಲ್ಲೇ ಬಿಟ್ಟು ಬಂದಳು. ಆ ವರ್ಷ ಅವಳು ಗೊಂಬೆ ಕೂರಿಸಿದ ಸಂಭ್ರಮವೇ ಬೇರೆ. ಸ್ವಿಚ್ಚಿನ ಹತ್ತಿರ ಎರಡು ಮಣೆ ಹಾಕಿ, ಬಂದವರಿಗೆಲ್ಲ "ಆಯುಧಪೂಜೆ ದಿನ ಬನ್ನಿ, ಒಂದು ತಮಾಷೆ ಇದೆ. ನಾವಿಬ್ರು ಸೇರಿ ಮಾಡಿದ್ದು" ಎನ್ನುತ್ತಿದ್ದಳು. ನಾವಿಬ್ರು ಎನ್ನುವಾಗ ಬಾಯಿಗೆ ಬೆಲ್ಲದಚ್ಚು ಇಟ್ಟುಕೊಂಡವಳಂತೆ ಮಾತು ನಿಧಾನವಾಗುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಫೋನು ಬಂತು.

"ಸೀತಕ್ಕ, ನಾಳೆ ಆಯುಧಪೂಜೆ."

"ಗೊತ್ತು ಕಣೇ. ಬೇಗ ಬಾ. ಆ ಹಸಿರು ರೇಷ್ಮೆ ಇದೆಯಲ್ಲ, ಅದನ್ನೇ ಉಟ್ಕೊಂಡ್ ಬಾ, ನಿಂಗೆ ಒಪ್ಪತ್ತೆ."



"ಅದನ್ನೇ ಏಳಾಣ ಅಂತ ಮಾಡ್ದೆ. ಉಗುಳುಬಂಡೀನೂ ಮಿಸೀನೇ ಅಲ್ವಾ? ಪೂಜೆಗೆ ಕುಂತ ಮಿಸೀನ್ ಓಡುಸ್ಬಾರ್ದು ಸೀತಕ್ಕ. ನಮ್ ಮಿಲ್ಲು ನಾಳೆ ಬೆಲ್ಟು ಅಳ್ಳಾಡಲ್ಲ, ನಮ್ಮತ್ತೆ ಕಾಲದಿಂದ. ಬಂಡೀನೂ ಅದರ ಪಕ್ಕದಾಗೇ ಕುಂತಿರ್ಲಿ, ಅರಿಸಿನ ಕುಂಕುಮ ಇಡ್ತೀನಿ. ವಿಜಯದಶಮಿ ದಿನ ತತ್ತೀನಿ."

ಸೀತಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ, ನನ್ನ ತಲೆಗೇ ಹೊಳೀಲಿಲ್ವಲ್ಲೇ! ನೀನು ಹೇಳಿದ್ದು ಒಳ್ಳೇದಾಯ್ತು ನೋಡು." ಫೋನು ಇಟ್ಟು ಗಂಡನಿಗೆ, "ನೋಡಿದ್ರಾ, ಅಂಜನಂಗೆ ಇರೋ ಭಯ ಭಕ್ತಿ ನಮಗಿಲ್ಲ" ಎಂದಳು.

"ಚೆನ್ನಾಗಿದೆ" ಎಂದ ಶಾಮಣ್ಣ.

ಮಾರನೇ ದಿನ ಆ ಮನೆಯಲ್ಲಿ ಯಂತ್ರಗಳಿಗೆಲ್ಲ ಸಂಪೂರ್ಣ ರಜೆ. ಮಿಕ್ಸಿ, ಗ್ರೈಂಡರ್, ಹೊಲಿಗೆ ಮೆಷೀನು, ಟೀವಿ ರಿಮೋಟು, ಉಗುರು ಕತ್ತರಿ, ಎಲ್ಲವೂ ಮಣೆಯ ಮೇಲೆ ಕುಂಕುಮ ಇಟ್ಟುಕೊಂಡು ಕೂತವು. ರೈಲಿನ ಇಂಜಿನ್ನಿಗೂ ಸೇವಂತಿಗೆ ಹಾರ ಬಿತ್ತು. ಕೊನೆಗೆ ಸೀತಮ್ಮ ಶಾಮಣ್ಣನ ಮೂಗಿನ ಮೇಲಿನ ಕನ್ನಡಕವನ್ನೂ ಎತ್ತಿಕೊಂಡಳು.

"ಕನ್ನಡಕ ಮೆಷೀನೇನೇ?"

"ಪದಬಂಧಕ್ಕೆ ಅದೇ ಆಯುಧ ಅಲ್ವೇನ್ರೀ? ಸುಮ್ನೆ ಕೂತ್ಕೊಳಿ."

ಸಾಯಂಕಾಲ ಜನ ಬಂದರು. ಇವತ್ತು ತಮಾಷೆ ಇಲ್ಲ, ನಾಳೆ ಬನ್ನಿ ಎಂದು ಹೇಳಿ ಹೇಳಿ ಉಸಲಿ ಕೊಟ್ಟು ಕಳಿಸುತ್ತಿದ್ದಳು. ಮಹಡಿಯ ಹಂಸಾ ಬಂದಳು. ಹಣೆಗೆ ಕುಂಕುಮ ಇಡುವಾಗ ಅವಳ ಬೈತಲೆಯಲ್ಲಿ ಒಂದು ಪುರಿ ಕಂಡಿತು. ಆಯುಧಪೂಜೆಯ ದಿನ ತಲೆಯಲ್ಲಿ ಪುರಿ ಇರುವುದೇನೂ ದೊಡ್ಡ ಸುದ್ದಿಯಲ್ಲ. ಹಿಂದಿನಿಂದ ಬಂದವಳ ಮಲ್ಲಿಗೆ ದಂಡೆಯಲ್ಲೂ ಪುರಿ. ಅವಳ ಹಿಂದಿನವಳ ರವಿಕೆಯ ತೋಳಿನಲ್ಲಿ ಪುರಿ. ಅವಳ ಅತ್ತೆಯ ತುರುಬು ಬಿಚ್ಚಿದ್ದರೆ ಒಂದು ಪಾವು ಸಿಗುತ್ತಿತ್ತು. ಸೀತಮ್ಮ ಒಂದನ್ನು ಎತ್ತಿ ದೀಪದ ಬೆಳಕಿಗೆ ಹಿಡಿದಳು. ಮಿಣಿಮಿಣಿ ಮಿಂಚಿತು. ಮೂಗಿನ ಹತ್ತಿರ ತಂದಳು. ಪಚ್ಚಕರ್ಪೂರ.

"ಹಂಸಾ, ಈ ಪುರಿ ಎಲ್ಲಿ ಮೆತ್ಕೊಂಡೆ?"

"ಅಯ್ಯೋ ಆಂಟಿ, ನಿಮಗೆ ಗೊತ್ತಿಲ್ವಾ? ಸಾರಕ್ಕಿ ಮಿಲ್ಲಲ್ಲಿ! ಒಂದು ಟ್ರೈನು ಪುರಿ ತಿಂದು ಜನರ ಮೇಲೆ ಉಗುಳ್ತಿದೆ. ಸಖತ್ತಾಗಿದೆ. ಅರ್ಧ ಜೆ.ಪಿ. ನಗರ ಅಲ್ಲೇ ಇದೆ."

ನೋಡಿ, ಆಗ ಸೀತಮ್ಮನಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಯಾರೋ ಕದ್ದಿದ್ದಾರೆ ಎಂದು. ಪಾಪ, ಅಂಜನಾ ಒಳಗೆ ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದಾಳೆ, ಹೊರಗೆ ಯಾರೋ ಬಂಡಿಯನ್ನು ಎತ್ತಿಕೊಂಡು ಹೋಗಿ ಓಡಿಸುತ್ತಿದ್ದಾರೆ, ಅವಳಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು. ಕುಂಕುಮದ ಬಟ್ಟಲನ್ನು ಹಂಸಾಳ ಕೈಗಿಟ್ಟು, ಗೊಂಬೆಗಳನ್ನು ಅವಳ ಸುಪರ್ದಿಗೆ ಬಿಟ್ಟು, ಉಟ್ಟ ರೇಷ್ಮೆಯಲ್ಲೇ ಮೆಟ್ರೋ ಹತ್ತಿದಳು. ಡಬ್ಬಿಯಲ್ಲಿ ಎದುರಿಗೆ ಕೂತವರ ತಲೆಯಲ್ಲೂ ಪುರಿ ಮಿಂಚುತ್ತಿತ್ತು. ಇಷ್ಟು ದೂರ ಕಳ್ಳತನ ಹಬ್ಬಿದೆಯಲ್ಲ ಎಂದು ಅಂಜನಮ್ಮನಿಗಾಗಿ ಇನ್ನಷ್ಟು ಮರುಗಿದಳು.

ಜೆ.ಪಿ. ನಗರದಲ್ಲಿ ಇಳಿದು ಮಾರ್ಕೆಟ್ಟಿನ ಬೂದುಗುಂಬಳದ ರಾಶಿಗಳನ್ನು ದಾಟಿ ಮಿಲ್ಲಿನ ಮುಂದೆ ಬಂದರೆ ಜಾತ್ರೆ. ಬಾಳೆಕಂದು, ಮಾವಿನ ತೋರಣ, ಸೀರಿಯಲ್ ಸೆಟ್ಟಿನ ದೀಪ. ಒಳಗೆ ಬೀಸುವ ಯಂತ್ರ ಹಾರ ಹಾಕಿಸಿಕೊಂಡು ಗಂಭೀರವಾಗಿ ಕೂತಿತ್ತು, ಅದರ ಬೆಲ್ಟನ್ನು ನಿಜವಾಗಿಯೂ ಯಾರೂ ಮುಟ್ಟಿರಲಿಲ್ಲ. ಮುಂದಿನ ಉದ್ದನೆಯ ಕಟ್ಟೆಯ ಮೇಲೆ ಗೋಣಿಚೀಲಗಳ ಬೆಟ್ಟ, ಬೆಟ್ಟದ ಸುತ್ತ ಸೀತಮ್ಮನದೇ ಹಳಿ, ಹಳಿಯ ಮೇಲೆ ಸೀತಮ್ಮನದೇ ಹಿಮ. ಅದನ್ನು ನುಂಗುತ್ತ ಜನರ ಮೇಲೆ ಕಾರಂಜಿಯಾಗಿ ಉಗುಳುತ್ತ ಬಂಡಿ ಬರುತ್ತಿತ್ತು. ಅದು ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಸೀತಮ್ಮನ ಬಾಯಿಂದ ತಾನಾಗಿ "ಭೇಷ್" ಎಂದು ಬಂತು.

ಆಮೇಲೆ ಸ್ವಿಚ್ಚು ಕಂಡಿತು. ಅದರ ಮೇಲೆ ಎರಡು ಕೈ ಇದ್ದವು. ಒಂದು ಅಂಜನಮ್ಮನದು. ಇನ್ನೊಂದು ಅವಳ ಸೊಸೆ ಮಧುಶ್ರೀಯದು. ಮಧುಶ್ರೀ ಮತ್ತೊಂದು ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದಳು. "ಅತ್ತೆ, ಕೈ ತೆಗೀಬೇಡಿ, ವಿಡಿಯೋದಲ್ಲಿ ಇಬ್ರುದೂ ಕಾಣ್ಬೇಕು. ನಗಿ ಅತ್ತೆ!"

ಅಂಜನಮ್ಮ ನಕ್ಕಳು. ಹಸಿರು ರೇಷ್ಮೆ ಉಟ್ಟಿದ್ದಳು.

ಸೀತಮ್ಮನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಲಭವಿತ್ತು. ಹಬ್ಬದೂಟಕ್ಕೆ ಕರೆದು, ಎಲೆಯ ಮುಂದೆ ಕೂರಿಸಿ, ಎಬ್ಬಿಸಿ ಕಳಿಸಿದಂತಾಯಿತು. ಜನರನ್ನು ಸರಿಸಿಕೊಂಡು ಕಟ್ಟೆಯ ಹತ್ತಿರ ಹೋಗಿ ನಿಂತಳು.

"ಪೂಜೆಗೆ ಕೂತ ಮೆಷೀನ್ ಓಡಿಸ್ಬಾರ್ದು ಅಂದೆ" ಎಂದಳು.

ಅಂಜನಮ್ಮನ ಕೈ ಸ್ವಿಚ್ಚಿನಿಂದ ಎದ್ದಿತು. ಬಂಡಿ ನಿಂತಿತು. "ಸೀತಕ್ಕ... ಬನ್ನಿ... ಪುರಿ ತಕಳಿ."

"ನಮ್ಮತ್ತೆ ಕಾಲದಿಂದ ಅಂದೆ."

"ಮಿಲ್ಲು ಓಡುಸ್ಲಿಲ್ಲ ಸೀತಕ್ಕ. ದೇವ್ರಾಣೆ, ಬೆಲ್ಟು ಮುಟ್ಟಿಲ್ಲ."

"ಹೌದೌದು. ನಿನ್ನ ಮೆಷೀನಿಗೆ ರಜಾ, ನಮ್ಮ ಮೆಷೀನಿಗೆ ದುಡಿತ. ನಾನು ಅಲ್ಲಿ ಅವರ ಕನ್ನಡಕಕ್ಕೂ ಪೂಜೆ ಮಾಡಿ ಕೂತಿದೀನಿ ಕಣೇ!"

ಯಾರೋ ಕಿಸಕ್ಕನೆ ನಕ್ಕರು. ಅಂಜನಮ್ಮ ಅತ್ತ ಕಣ್ಣು ಬಿಟ್ಟಳು, ನಗು ನಿಂತಿತು. ದನಿ ತಗ್ಗಿಸಿ ಹೇಳಿದಳು.

"ನಿಮ್ಮನೆಗೆ ಬಂದೋರು ಕುಂಕುಮ ಇಡುಸ್ಕಂಡು ಓಯ್ತಾರೆ. ನಮ್ ಮಿಲ್ಲಿಗೆ ಬಂದೋರು ನಾಳಿಕ್ಕೆ ಗೋದಿ ತತ್ತಾರೆ. ಎಲ್ಲಾ ಅಂಗ್ಡಿ ಪಾಕೀಟಿನ ಗೋದಿ ಇಟ್ಟಿಗೇ ಬಿದ್ರು ಸೀತಕ್ಕ. ಎಷ್ಟ್ ವರ್ಸ ಆಗಿತ್ತು ಈ ಬಾಗ್ಲಲ್ಲಿ ಇಂಗೆ ಜನ ನಿಂತು?"

"ಕೇಳಿದ್ರೆ ನಾನೇ ಹೊತ್ಕೊಂಡ್ ಬಂದು ಇಲ್ಲೇ ಓಡಿಸ್ತಿರ್ಲಿಲ್ವೇನೇ?"

"ನೀವ್ ಬಂದಿದ್ರೆ ಸೀತಮ್ಮನ ರೈಲು ಬಂದೈತೆ ಅಂತಿದ್ರು. ಅಂಜನಮ್ಮನ ಮಿಲ್ಲು ಅಂತ ಯಾರಂತಿದ್ರು?"

ಸೀತಮ್ಮ ಹಳಿಯ ಮೇಲೆ ಬಿದ್ದಿದ್ದ ಒಂದು ಪುರಿಯನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು. ಅಂಜನಮ್ಮ ಹೇಳಿದ್ದು ನಿಜವಿದ್ದದ್ದು ಇನ್ನಷ್ಟು ನೋಯಿಸಿತು.

"ಈಗಾದ್ರೂ ಬನ್ನಿ, ಕೈ ಮಡುಗಿ" ಎಂದು ಅಂಜನಮ್ಮ ಸ್ವಿಚ್ಚಿನ ಪಕ್ಕ ಜಾಗ ಮಾಡಿದಳು.

"ಮೊದಲನೇ ಸಲ ಅನ್ನೋದು ಮುಗಿದುಹೋಯ್ತಲ್ಲೇ ಅಂಜನಾ. ಅದನ್ನ ಎಲ್ಲಿಂದ ತರ್ತೀಯ?"

ಈ ಇಬ್ಬರ ನಡುವೆ ಏನು ಒಡೆಯಿತು ಎಂಬುದು ಮಧುಶ್ರೀಗೆ ಹೇಗೆ ಗೊತ್ತಾಗಬೇಕು? ಅವಳಿಗೆ ವಿಡಿಯೋ ಮುಗಿಸಲು ಒಂದು ಭರ್ಜರಿ ಕೊನೆ ಬೇಕಿತ್ತು. ದೃಷ್ಟಿ ತೆಗೆದು ಒಡೆಯಲೆಂದು ಬಾಗಿಲಲ್ಲಿ ಬೂದುಗುಂಬಳಕಾಯಿ ಇಟ್ಟಿದ್ದರು. ಮೇಲೆ ಹೋಳು ಕೊರೆದು ಒಳಗೆ ಕುಂಕುಮ ತುಂಬಿದ್ದು. ಮಧುಶ್ರೀ ಅದನ್ನು ಎರಡು ಕೈಯಲ್ಲಿ ಎತ್ತಿ ತಂದು ಬಂಡಿಯ ಮುಂದೆ, ಹಳಿಯ ಮೇಲೆ ಇಟ್ಟಳು.

"ಅತ್ತೆ, ಈ ಸಲ ಕುಂಬಳಕಾಯಿ ನಾವು ಒಡಿಯೋದ್ ಬೇಡ, ಟ್ರೈನೇ ಒಡೀಲಿ. ಹೆಂಗಿರತ್ತೆ!"

ಜನ ಹೋ ಎಂದರು. ಅಂಜನಮ್ಮ ಕುಂಬಳಕಾಯಿಯನ್ನು ನೋಡಿದಳು, ಬಂಡಿಯನ್ನು ನೋಡಿದಳು, ಅನುಮಾನ ಬಂತು. ಅಭ್ಯಾಸಬಲದಿಂದ ತಿರುಗಿ ಕೇಳಿದಳು: "ಸೀತಕ್ಕ, ತಡ್ಕತದಾ ಇದು?"

ಆ ಒರಳು ತನ್ನ ತಾಯಿಯದು. ಆ ರೆಕ್ಕೆ ತಾನೇ ಕತ್ತರಿಸಿದ್ದು. ಪುರಿಗೆ ಮಾಡಿದ ಬಾಯಿಗೆ ಕುಂಬಳಕಾಯಿಯ ತಿರುಳು ಹೋದರೆ ಏನಾಗುತ್ತದೆಂದು ಸೀತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಂಜನಮ್ಮನ ಮುಖದಲ್ಲಿ, ಇವಳು ಹೇಳಿದ್ದೇ ಸರಿ ಎಂಬ ಹಳೆಯ ನಂಬಿಕೆ ಹಾಗೇ ಇತ್ತು. ಹಿಂದಿನ ದಿನ ಫೋನಿನಲ್ಲಿ ತನ್ನ ದನಿಯಲ್ಲೂ ಅದೇ ಇತ್ತಲ್ಲವೇ?

"ತಡ್ಕೊಳತ್ತೆ ಅಂಜನಾ. ಓಡ್ಸು" ಎಂದಳು ಮೆಲ್ಲಗೆ.

ಈಗ ಆಣೆಯನ್ನು ನೆನೆಸಿಕೊಳ್ಳಿ. ಬಂಡಿ ಬಂತು, ಕುಂಬಳಕಾಯಿಗೆ ಬಾಯಿ ಹಾಕಿತು, ಗೊರ್ ಎಂದಿತು, ಒಂದು ಕ್ಷಣ ಉಸಿರು ಹಿಡಿಯಿತು. ಆಮೇಲೆ ಉಗುಳಿತು ನೋಡಿ! ಕುಂಕುಮ, ತಿರುಳು, ಬೀಜ, ಪುರಿ ಎಲ್ಲ ಕಲಸಿದ ಕೆಂಪು ಹಿಮ. ಅರ್ಧ ಜೆ.ಪಿ. ನಗರ ಮದುವಣಗಿತ್ತಿಯ ಹಣೆಯಂತಾಯಿತು. ಆಟೋಗಳು ಕೆಂಪು, ಬಾಳೆಕಂದು ಕೆಂಪು. ಸಾರಕ್ಕಿ ಸಿಗ್ನಲ್ಲಿನ ಹಸಿರು ದೀಪಕ್ಕೂ ಮೆತ್ತಿಕೊಂಡು ಅದೂ ಕೆಂಪಾಗಿ, ಕನಕಪುರ ರಸ್ತೆಯ ಗಾಡಿಗಳೆಲ್ಲ ಎರಡೂ ಕಡೆ ನಿಂತವು. ಮೇಲೆ ಹೋಗುತ್ತಿದ್ದ ಮೆಟ್ರೋದ ಕಿಟಕಿಗಳಿಗೆ ಈ ತುದಿಯಿಂದ ಆ ತುದಿಯವರೆಗೆ ಒಂದು ಪಟ್ಟೆ ಎಳೆದಂತೆ ಬಿತ್ತು. ಒಳಗಿದ್ದವರು ಸೂರ್ಯ ಇನ್ನೊಮ್ಮೆ ಮುಳುಗಿದನೆಂದು ಕೈ ಮುಗಿದರಂತೆ.

ಎಲ್ಲ ಇಳಿದಾಗ ಬಂಡಿಯಿಂದ ಹೊಗೆ ಬರುತ್ತಿತ್ತು. ಮೋಟಾರು ಸತ್ತಿತ್ತು. ಜನ ಒಬ್ಬರನ್ನೊಬ್ಬರು ತೋರಿಸಿ ನಗುತ್ತಿದ್ದರು, ಮಧುಶ್ರೀ ಫೋನು ಒರೆಸುತ್ತಿದ್ದಳು. ಹಸಿರು ರೇಷ್ಮೆಯ ಮೇಲೆಲ್ಲ ಕೆಂಪು ಸುರಿಸಿಕೊಂಡ ಅಂಜನಮ್ಮ ಮಾತ್ರ ನಗಲಿಲ್ಲ. ಸೀತಮ್ಮನನ್ನೇ ನೋಡುತ್ತಿದ್ದಳು.

"ಗೊತ್ತಿತ್ತಲ್ವಾ ನಿಮ್ಗೆ?"

"ಗೊತ್ತಿತ್ತು."

"ಏಳ್ಲಿಲ್ಲ."

"ನೀನೂ ಹೇಳಿರ್ಲಿಲ್ಲ."

ಸೀತಮ್ಮ ಕಟ್ಟೆಯ ಮೇಲಿಂದ ಚಕ್ಕುಲಿ ಒರಳನ್ನು ಮಾತ್ರ ಕಳಚಿಕೊಂಡಳು. ಉಳಿದದ್ದೆಲ್ಲ ಅಲ್ಲೇ ಬಿಟ್ಟಳು. ವಾಪಸ್ಸು ಬರುವಾಗ ಮೆಟ್ರೋದಲ್ಲಿ, ಸೇರಿಗೆ ಸವಾ ಸೇರು ಕೊಟ್ಟೆನೆಂಬ ಖುಷಿಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಪುರಿಯನ್ನು ಬಾಯಿಗೆ ಹಾಕಿಕೊಂಡಳು. ಪಚ್ಚಕರ್ಪೂರ ಜಾಸ್ತಿಯಾಗಿತ್ತು, ಕಹಿ.

ಇದರಲ್ಲಿ ಗೆದ್ದವರು ಯಾರು ಎಂದು ಕೇಳಬೇಡಿ. ಕೆಂಪು ಹಿಮದ ವಿಡಿಯೋ ನೋಡಿದವರೆಲ್ಲ ಮಿಲ್ಲು ನೋಡಲು ಬಂದರು. ಬರಿಗೈಯಲ್ಲಿ ಬರುವುದು ಹೇಗೆಂದು ಗೋಧಿ ಹಿಡಿದು ಬಂದರು. ಅಂಜನಮ್ಮನ ಬೆಲ್ಟಿಗೆ ಈಗ ಬಿಡುವಿಲ್ಲ. ಸೀತಮ್ಮ ಆ ಕಡೆ ತಲೆ ಹಾಕಲಿಲ್ಲ, ಪಾಕೀಟಿನ ಹಿಟ್ಟಿಗೆ ಬಿದ್ದಳು. ಮೊದಲ ದಿನದ ಚಪಾತಿ ತಿಂದ ಶಾಮಣ್ಣ ಪೇಪರು ಕೆಳಗಿಟ್ಟ. ತಟ್ಟೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. "ಚೆನ್ನಾಗಿಲ್ಲ ಕಣೇ" ಎಂದ. ಎಷ್ಟೋ ವರ್ಷಗಳ ನಂತರ ಅವನು ನೋಡಿ ಹೇಳಿದ ಮಾತು ಅದು. ಸೀತಮ್ಮ ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತಳು.

ಈಗ ಮತ್ತೆ ನವರಾತ್ರಿ ಹತ್ತಿರ ಬಂತು. ಸೀತಮ್ಮ ಹೊಸ ಉಗುಳುಬಂಡಿ ಮಾಡುತ್ತಿದ್ದಾಳೆ, ಒಬ್ಬಳೇ. ಒರಳನ್ನು ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಒಳಗಿನ ಕೆಂಪು ಹೋಗಿಲ್ಲ, ಹಾಗೇ ಕೂರಿಸಿದ್ದಾಳೆ. ಹಳಿ ಹಾಸಿದ್ದಾಗಿದೆ, ಹಿಮ ಮಾಡಿದ್ದಾಗಿದೆ. ಸ್ವಿಚ್ಚನ್ನೂ ಮಾಡಿಟ್ಟಿದ್ದಾಳೆ, ಊಟದ ಮಣೆಯಷ್ಟು ಅಗಲ.

"ಇಷ್ಟು ದೊಡ್ಡ ಸ್ವಿಚ್ಚು ಯಾಕೇ?" ಎಂದು ಶಾಮಣ್ಣನೇ ಕೇಳಿದ.

"ನನ್ನ ಕೈ ದೊಡ್ಡದು" ಎಂದಳು ಸೀತಮ್ಮ.

ಎಲ್ಲ ಇದೆ ಸ್ವಾಮಿ, ಮೋಟಾರಿಲ್ಲ. ಹಂಸಾಳ ಡ್ರೈಯರ್ ಆಗಲೇ ಬಲಿಯಾಯಿತು. ಹೊಸದು ಕೊಂಡಿದ್ದಾಳೆ, ಅದರ ಹತ್ತಿರ ಯಾರನ್ನೂ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಕನ್ನಡಿಯ ಪಕ್ಕ ಮೊಳೆಗೆ ತೂಗುಹಾಕಿರುವ ಹೇರ್ ಡ್ರೈಯರನ್ನು ಆವತ್ತು ಕಾಫಿಗೆ ಬಂದಾಗ ನೋಡಿದೆ, ಗುಲಾಬಿ ಬಣ್ಣದ್ದು, ಒಳ್ಳೆಯ ದನಿ ಅದರದು. ಮನೆಯವರು ಮಲಗಿರುವಾಗ ಮೆಲ್ಲಗೆ ತಂದುಬಿಡಿ. ಕೇಳಿದರೆ ಸುಟ್ಟುಹೋಯಿತು, ಎಸೆದೆ ಎನ್ನಿ. ನಂಬದಿದ್ದರೆ ಆಣೆ ಇಡಿ. ಆಣೆ ಇಡಲು ಹೆದರಿಕೆಯಾದರೆ ನಾನು ಮೊದಲು ಇಟ್ಟೆನಲ್ಲ, ಅದನ್ನೇ ತೆಗೆದುಕೊಂಡು ಹೋಗಿ, ನನಗಿನ್ನು ಅದರ ಕೆಲಸವಿಲ್ಲ. ಏಳಿ, ಹೊರಡಿ. ನಾನು ಇಲ್ಲೇ ಕೂತಿರುತ್ತೇನೆ.